ಕುಮಟಾದಲ್ಲಿ ನಾಲ್ಕು ನಿಮಿಷಕ್ಕೆ ಚಾನೆಲ್ ನಿಲ್ಲುತ್ತದೆ, ಘಟ್ಟದ ಫೈಬರ್ ಹೋದರೆ ಟಿವಿ ಪೂರ್ತಿ ಕಪ್ಪು: ಮಲ್ಟಿಕಾಸ್ಟ್ ರೂಟಿಂಗ್ ಎಲ್ಲಿ ತಪ್ಪಿದೆ?

ಶಿರಸಿ_ಹೆಡ್‌ಎಂಡ್

ನಮ್ಮದು ಐಪಿ ಮೇಲಿನ ಟಿವಿ, ಒಂದೇ ಸ್ಟ್ರೀಮನ್ನು ಕೇಳಿದವರಿಗೆಲ್ಲ ಹಂಚುವ ಮಲ್ಟಿಕಾಸ್ಟ್‌ನಲ್ಲಿ. ಚಾನೆಲ್‌ಗಳು ಹೊರಡುವ ಹೆಡ್‌ಎಂಡ್ ಶಿರಸಿಯಲ್ಲಿ, ಗಿರಾಕಿಗಳು ಕುಮಟಾದಲ್ಲಿ. ನಡುವೆ ದೇವಿಮನೆ ಘಟ್ಟ ಇಳಿಯುವ 1 ಜಿಬಿಪಿಎಸ್ ಫೈಬರ್ ಇದೆ. ಮಳೆಗಾಲದಲ್ಲಿ ಘಟ್ಟದ ಮಣ್ಣು ಜರಿದರೆ ಇರಲಿ ಅಂತ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಸುತ್ತಿ ಬರುವ 200 ಎಂಬಿಪಿಎಸ್ ಲೀಸ್ಡ್ ಲೈನ್ ಒಂದನ್ನು ಬ್ಯಾಕಪ್ ಇಟ್ಟಿದ್ದೇವೆ. ಅದು ಬೇರೆಯವರ ನೆಟ್‌ವರ್ಕ್. ಎರಡು ತುದಿಗೂ ಒಂದೊಂದು ಐಪಿ ಕೊಟ್ಟಿದ್ದಾರೆ, ಅಷ್ಟೇ.

ಶಿರಸಿ ರೂಟರ್ ಸಿಸ್ಕೊ ಐಒಎಸ್, ಲೂಪ್‌ಬ್ಯಾಕ್ (ರೂಟರ್‌ನ ಸ್ವಂತ ವಿಳಾಸ) 10.255.0.1. ಕುಮಟಾದ್ದು ಎಫ್‌ಆರ್‌ಆರ್ ಎಂಬ ರೂಟಿಂಗ್ ಸಾಫ್ಟ್‌ವೇರ್ ಹಾಕಿದ ಲಿನಕ್ಸ್ ಪೆಟ್ಟಿಗೆ, ಲೂಪ್‌ಬ್ಯಾಕ್ 10.255.0.2. ಸ್ಟ್ರೀಮರ್‌ಗಳು 10.10.10.0/24ರಲ್ಲಿವೆ. ಫೈಬರ್ ಮೇಲೆ ರೂಟರ್‌ಗಳಿಗೆ ದಾರಿ ಕಲಿಸುವ ಓಎಸ್‌ಪಿಎಫ್ ಮತ್ತು ಮಲ್ಟಿಕಾಸ್ಟ್‌ಗೆ ದಾರಿ ಕಟ್ಟುವ ಪಿಮ್ ಸ್ಪಾರ್ಸ್ ಮೋಡ್ ಓಡುತ್ತಿದೆ. ಆರ್‌ಪಿ (ಸೋರ್ಸ್ ಮತ್ತು ಕೇಳುವವರು ಸೇರುವ ಜಾಗ) ಶಿರಸಿಯ ಲೂಪ್‌ಬ್ಯಾಕ್, ಎರಡೂ ಕಡೆ ಸ್ಟಾಟಿಕ್. ಬ್ಯಾಕಪ್ ಲೈನ್‌ಗೆ ಫ್ಲೋಟಿಂಗ್ ಸ್ಟಾಟಿಕ್ ರೂಟ್ (ಫೈಬರ್ ದಾರಿ ಹೋದಾಗಷ್ಟೇ ಏಳುವ ರೂಟ್) ಮಾತ್ರ ಬರೆದಿದೆ.

ಎಸ್‌ಡಿ ಚಾನೆಲ್ 40, ತಲಾ 3 ಎಂಬಿಪಿಎಸ್, ಗ್ರೂಪ್ 239.0.0.1ರಿಂದ 239.0.0.40. ಎಚ್‌ಡಿ 12, ತಲಾ 8 ಎಂಬಿಪಿಎಸ್, 239.128.0.1ರಿಂದ 239.128.0.12. ಕುಮಟಾದಲ್ಲಿ ರೂಟರ್‌ನಿಂದ ಒಂದು ಮ್ಯಾನೇಜ್ಡ್ ಸ್ವಿಚ್, ಅದರಿಂದ ಓಎಲ್‌ಟಿ (ಮನೆಗಳಿಗೆ ಫೈಬರ್ ಹಂಚುವ ಪೆಟ್ಟಿಗೆ), ಮನೆಗಳಿಗೆ ಓಎನ್‌ಯು (ಮನೆ ತುದಿಯ ಫೈಬರ್ ಪೆಟ್ಟಿಗೆ), ಸೆಟ್‌ಟಾಪ್. ಎರಡು ಲಾಡ್ಜ್‌ಗಳಿಗೆ ಮಾತ್ರ ಸ್ವಿಚ್‌ನಿಂದಲೇ ನೇರ 100 ಎಂಬಿಪಿಎಸ್ ಪೋರ್ಟ್.

ಈಗ ತೊಂದರೆ. ಮನೆಗಳಲ್ಲಿ ಕೆಲವು ಚಾನೆಲ್ ನಾಲ್ಕು ನಿಮಿಷ ಚೆನ್ನಾಗಿ ಓಡಿ ನಿಂತುಬಿಡುತ್ತವೆ. ಬೇರೆ ಚಾನೆಲ್‌ಗೆ ಹೋಗಿ ವಾಪಸ್ ಬಂದರೆ ಮತ್ತೆ ನಾಲ್ಕು ನಿಮಿಷ. ಸುದ್ದಿ ಚಾನೆಲ್‌ಗಳಿಗೆ ಈ ಕಾಟ ಇಲ್ಲ. ಲಾಡ್ಜ್‌ಗಳಲ್ಲೂ ನಿಲ್ಲುವುದಿಲ್ಲ, ಆದರೆ ಅಲ್ಲಿ ಸಂಜೆ ಏಳು ದಾಟಿದ ಮೇಲೆ ಎಲ್ಲ ಚಾನೆಲ್ ಚೌಕಚೌಕವಾಗಿ ಒಡೆಯುತ್ತವೆ. ಫೈಬರ್ ಹೋದಾಗ ಪಿಂಗ್ ಬರುತ್ತದೆ, ಬಿಲ್ಲಿಂಗ್ ನಡೆಯುತ್ತದೆ, ಟಿವಿ ಮಾತ್ರ ಪೂರ್ತಿ ಕಪ್ಪು. ಕೊನೆಯದು, ಜಾತ್ರೆಯ ನೇರಪ್ರಸಾರಕ್ಕೆ ಬಿಡಕಿಬೈಲಿನಲ್ಲಿ ಒಂದು ಎನ್‌ಕೋಡರ್ ಪಿಸಿ ಇಟ್ಟು 10.10.30.0/24 ವಿಎಲ್‌ಎಎನ್‌ನಲ್ಲಿ ಶಿರಸಿ ರೂಟರ್‌ಗೆ ತಂದಿದ್ದೇವೆ. ಅದೇ ವಿಎಲ್‌ಎಎನ್‌ನಲ್ಲಿ ಕೂತು ನೋಡಿದರೆ ಚಿತ್ರ ಇದೆ, ಕುಮಟಾಕ್ಕೆ ಒಂದು ಪ್ಯಾಕೆಟ್ಟೂ ಇಳಿಯುವುದಿಲ್ಲ.

ಎಲ್ಲಕ್ಕೂ ಒಂದೇ ಮೂಲ ಇದೆಯೋ, ನಾಲ್ಕು ಬೇರೆ ಬೇರೆಯೋ?

ಅಘನಾಶಿನಿ

ನಾಲ್ಕೂ ಬೇರೆ ಮಾರಾಯ್ರೇ. ಫೈಬರ್ ಹೋದಾಗ ಕಪ್ಪಾಗುವುದೇ ದೊಡ್ಡದು, ಅದನ್ನೇ ಮೊದಲು ಹಿಡಿಯೋಣ.

ಯೂನಿಕಾಸ್ಟ್ ರೂಟರ್ "ಈ ಪ್ಯಾಕೆಟ್ ಎಲ್ಲಿಗೆ ಹೋಗಬೇಕು" ಅಂತ ನೋಡುತ್ತದೆ. ಮಲ್ಟಿಕಾಸ್ಟ್ ರೂಟರ್ ಮೊದಲು ನೋಡುವುದು "ಇದು ಬರಬೇಕಾದ ಬಾಗಿಲಿನಿಂದಲೇ ಬಂತೋ" ಅಂತ. ಸೋರ್ಸ್‌ಗೆ ವಾಪಸ್ ಹೋಗಲು ತನ್ನ ರೂಟಿಂಗ್ ಟೇಬಲ್ ಯಾವ ಇಂಟರ್‌ಫೇಸ್ ತೋರಿಸುತ್ತದೋ ಅದೇ ಬಾಗಿಲು. ಅದೇ ಆರ್‌ಪಿಎಫ್ ಚೆಕ್. ಪಿಮ್ ಜಾಯಿನ್ ಕಳಿಸುವುದೂ ಆ ಬಾಗಿಲಿನಿಂದಲೇ, ಆ ಕಡೆ ಪಿಮ್ ನೈಬರ್ ಇದ್ದರೆ ಮಾತ್ರ.

ಫೈಬರ್ ಹೋಯಿತು, ನಿಮ್ಮ ಫ್ಲೋಟಿಂಗ್ ರೂಟ್ ಎದ್ದಿತು. ಕುಮಟಾ ರೂಟರ್ ಲೆಕ್ಕದಲ್ಲಿ 10.10.10.0/24ರ ಬಾಗಿಲು ಈಗ ಲೀಸ್ಡ್ ಲೈನಿನ ಇಂಟರ್‌ಫೇಸ್. ಅಲ್ಲಿ ಪಿಮ್ ಇಲ್ಲ. ನೀವು ಹಾಕಿದರೂ ಆಚೆ ಬದಿಯ ಕಂಪನಿ ರೂಟರ್ ಪಿಮ್ ಮಾತಾಡುವುದಿಲ್ಲ. ಪಿಮ್‌ನ ಹಲೋ, ಜಾಯಿನ್ ಸಂದೇಶಗಳು 224.0.0.13ಕ್ಕೆ ಟಿಟಿಎಲ್ (ಪ್ರತಿ ರೂಟರ್‌ನಲ್ಲೂ ಒಂದೊಂದು ಇಳಿಯುವ ಎಣಿಕೆ) 1ರಲ್ಲಿ ಹೋಗುವುದರಿಂದ ಅವರ ನೆಟ್‌ವರ್ಕ್ ದಾಟಿ ಶಿರಸಿ ಮುಟ್ಟುವ ಮಾತೇ ಇಲ್ಲ. ಹಾಗಾಗಿ ಪಿಂಗ್ ಇದ್ದೂ ಟಿವಿ ಇಲ್ಲ. ಫೈಬರ್ ಹೋದ ಹೊತ್ತಿನಲ್ಲಿ ಕುಮಟಾದಲ್ಲಿ ಈ ಎರಡನ್ನು ಹೊಡೆದು ನೋಡಿ:

ಶೋ ಐಪಿ ಆರ್‌ಪಿಎಫ್ 10.10.10.21
ಶೋ ಐಪಿ ಪಿಮ್ ನೈಬರ್

ಮೊದಲನೆಯದು ತೋರಿಸುವ ಇಂಟರ್‌ಫೇಸ್ ಎರಡನೆಯದರ ಪಟ್ಟಿಯಲ್ಲಿ ಇರುವುದಿಲ್ಲ.

ಪರಿಹಾರ ಜಿಆರ್‌ಇ ಟನಲ್, ಅಂದರೆ ಪ್ಯಾಕೆಟ್ಟನ್ನು ಇನ್ನೊಂದು ಪ್ಯಾಕೆಟ್ಟಿನೊಳಗಿಟ್ಟು ಸಾಗಿಸುವುದು. ಲೀಸ್ಡ್ ಲೈನಿನ ಎರಡು ಐಪಿಗಳ ನಡುವೆ ಟನಲ್ ಕಟ್ಟಿ, ಅದರ ಮೇಲೆ ಪಿಮ್ ಮತ್ತು ಓಎಸ್‌ಪಿಎಫ್ ಎರಡನ್ನೂ ಓಡಿಸಿ, ಕಾಸ್ಟ್ ಮಾತ್ರ ಫೈಬರ್‌ಗಿಂತ ಜಾಸ್ತಿ ಇಡಿ. ಫೈಬರ್ ಹೋದರೆ ಓಎಸ್‌ಪಿಎಫ್ ಟನಲ್ ತೋರಿಸುತ್ತದೆ, ಆರ್‌ಪಿಎಫ್ ಅದರ ಬೆನ್ನಿಗೇ ಹೋಗುತ್ತದೆ. ಶಿರಸಿ ಕಡೆ:

ಇಂಟರ್‌ಫೇಸ್ ಟನಲ್ 0
ಐಪಿ ಅಡ್ರೆಸ್ 10.0.99.1 255.255.255.252
ಐಪಿ ಎಂಟಿಯು 1476
ಐಪಿ ಪಿಮ್ ಸ್ಪಾರ್ಸ್-ಮೋಡ್
ಐಪಿ ಓಎಸ್‌ಪಿಎಫ್ ಕಾಸ್ಟ್ 500

ಇದರ ಜೊತೆ ಟನಲ್ ಸೋರ್ಸ್, ಡೆಸ್ಟಿನೇಷನ್. ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಎರಡೂ ತುದಿಯಲ್ಲಿ ಒಂದೇ ಇರಲಿ, ಇಲ್ಲದಿದ್ದರೆ ಓಎಸ್‌ಪಿಎಫ್ ಎಕ್ಸ್‌ಸ್ಟಾರ್ಟ್‌ನಲ್ಲೇ ಕೂತಿರುತ್ತದೆ. ಟನಲ್‌ನ ಆಚೆ ತುದಿಯ ಐಪಿಗೆ ಒಂದು /32 ಸ್ಟಾಟಿಕ್ ರೂಟ್ ಲೀಸ್ಡ್ ಲೈನಿನ ಗೇಟ್‌ವೇ ಮೂಲಕ ಬರೆಯಿರಿ, ಮರೆಯಬೇಡಿ. ಆ ಐಪಿಯೇ ಟನಲ್ ಒಳಗಿನ ಓಎಸ್‌ಪಿಎಫ್‌ನಿಂದ ಕಲಿತದ್ದಾದರೆ ಟನಲ್ ತನ್ನೊಳಗೆ ತಾನೇ ಹೋಗಲು ನೋಡಿ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಟನಲ್ ಎದ್ದ ಮೇಲೆ ಹಳೆಯ ಫ್ಲೋಟಿಂಗ್ ರೂಟ್ ತೆಗೆಯಿರಿ.

ಕುಮಟಾದ ಲಿನಕ್ಸ್ ಕಡೆ ಹೆಚ್ಚಿನವರು ಎಡವುವ ಜಾಗ ಒಂದಿದೆ. ಟನಲ್ ಮಾಡುವಾಗ ಟಿಟಿಎಲ್ ಕೊಡದಿದ್ದರೆ ಲಿನಕ್ಸ್ ಒಳಗಿನ ಪ್ಯಾಕೆಟ್‌ನ ಟಿಟಿಎಲ್ಲನ್ನೇ ಹೊರಗಿನದಕ್ಕೂ ಅಂಟಿಸುತ್ತದೆ. ಓಎಸ್‌ಪಿಎಫ್ ಹಲೋ, ಪಿಮ್ ಹಲೋ ಎರಡರದ್ದೂ ಟಿಟಿಎಲ್ 1. ಹೊರಗಿನ ಪ್ಯಾಕೆಟ್ಟೂ 1ರಲ್ಲಿ ಹೊರಟು ಕಂಪನಿಯ ಮೊದಲ ರೂಟರ್‌ನಲ್ಲೇ ಸಾಯುತ್ತದೆ. ಟನಲ್ ಮೇಲೆ ಪಿಂಗ್ ಬರುತ್ತದೆ, ನೈಬರ್ ಬರುವುದಿಲ್ಲ. ಇಡೀ ದಿನ ಓಎಸ್‌ಪಿಎಫ್ ಕಾನ್ಫಿಗ್ ಕೆದಕುತ್ತಾ ಕೂರಬೇಕಾಗುತ್ತದೆ. ಟನಲ್ ಮಾಡುವ ಸಾಲಿನ ಕೊನೆಗೆ "ಟಿಟಿಎಲ್ 64" ಸೇರಿಸಿ. ಆಮೇಲೆ "ಐಪಿ ಲಿಂಕ್ ಸೆಟ್ ಜಿಆರ್‌ಇ1 ಮಲ್ಟಿಕಾಸ್ಟ್ ಆನ್" ಕೂಡ ಹೊಡೆಯಿರಿ.

ಜಾತ್ರೆ ಎನ್‌ಕೋಡರ್‌ದೂ ಟಿಟಿಎಲ್ ರೋಗವೇ ಇರಬೇಕು. ಆ ಪಿಸಿಯಲ್ಲಿ ಯಾವ ಸಾಫ್ಟ್‌ವೇರ್? ರೂಟರ್ ಕಡೆಯ ಪೋರ್ಟ್ ಮಿರರ್ ಮಾಡಿ ಟಿಸಿಪಿಡಂಪ್‌ಗೆ "-ವಿ" ಕೊಟ್ಟು ನೋಡಿದರೆ ಟಿಟಿಎಲ್ ಕಾಣುತ್ತದೆ. 1 ಇದ್ದರೆ ಮೊದಲ ರೂಟರ್‌ನಲ್ಲೇ ಆಟ ಮುಗಿಯಿತು. 10.10.30.0/24ರ ಇಂಟರ್‌ಫೇಸ್‌ನಲ್ಲಿ ಪಿಮ್ ಹಾಕಿದ್ದೀರೋ ಎಂದೂ ನೋಡಿ.

ಯಾಣದ_ಬಂಡೆ

ಲಾಡ್ಜ್‌ನಲ್ಲಿ ಚಿತ್ರ ಒಡೆಯುವುದಕ್ಕೆ ಕಾರಣ ನೀವು ಆರಿಸಿದ ಗ್ರೂಪ್ ನಂಬರ್.

ಮಲ್ಟಿಕಾಸ್ಟ್ ಐಪಿಯ ಕೊನೆಯ 23 ಬಿಟ್ ಮಾತ್ರ ಮ್ಯಾಕ್ ವಿಳಾಸಕ್ಕೆ ಇಳಿಯುತ್ತವೆ, ಅದರ ಮುಂದೆ 01:00:5ಇ. ಹೀಗಾಗಿ 32 ಐಪಿಗಳಿಗೆ ಒಂದೇ ಮ್ಯಾಕ್. ನಿಮ್ಮ 239.0.0.5 ಮತ್ತು 239.128.0.5 ಎರಡೂ 01:00:5ಇ:00:00:05 ಆಗುತ್ತವೆ. ಅದು ಸಾಲದು ಅಂತ 224.0.0.5 ಕೂಡ ಅದೇ ಮ್ಯಾಕ್, ಅಂದರೆ ಓಎಸ್‌ಪಿಎಫ್ ಹಲೋ ಹೋಗುವ ವಿಳಾಸ! 224.0.0 ಸಾಲಿನ ಮ್ಯಾಕ್‌ಗಳನ್ನು ಸ್ವಿಚ್ ಸ್ನೂಪಿಂಗ್‌ನಿಂದ (ಕೇಳಿದ ಪೋರ್ಟ್‌ಗಷ್ಟೇ ಗ್ರೂಪ್ ಕೊಡುವ ಏರ್ಪಾಡು) ಹೊರಗಿಟ್ಟು ಎಲ್ಲ ಪೋರ್ಟ್‌ಗೂ ಸುರಿಯಬೇಕು, ರೂಟಿಂಗ್ ಪ್ರೋಟೋಕಾಲ್ ಸಾಯಬಾರದಲ್ಲ. ಮ್ಯಾಕ್ ನೋಡಿ ಸ್ನೂಪಿಂಗ್ ಮಾಡುವ ಸ್ವಿಚ್ ನಿಮ್ಮ 52 ಚಾನೆಲ್‌ಗಳನ್ನೂ ಅದೇ ಗುಂಪಿಗೆ ಸೇರಿಸಿ ಸುರಿಯುತ್ತದೆ.

ಹಗಲು ಊರಲ್ಲಿ ಹತ್ತು ಚಾನೆಲ್ ಓಡುತ್ತಿದ್ದರೆ ಲಾಡ್ಜ್ ಪೋರ್ಟ್‌ಗೂ ಆ ಹತ್ತೂ ಬರುತ್ತವೆ, ತಡೆದುಕೊಳ್ಳುತ್ತದೆ. ಸಂಜೆ 25 ಎಸ್‌ಡಿ, ಐದು ಎಚ್‌ಡಿ ಎಂದರೆ 115 ಎಂಬಿಪಿಎಸ್. ಪೋರ್ಟ್ 100ರದ್ದು.

ಎಸ್‌ಡಿಯನ್ನು 239.10.1.x, ಎಚ್‌ಡಿಯನ್ನು 239.10.2.x ಮಾಡಿ. ಎರಡನೇ ಅಂಕಿ 0 ಅಥವಾ 128 ಇದ್ದು ಮೂರನೆಯದು 0 ಆದರೆ ಈ ಗುಂಡಿಗೆ ಬಿದ್ದಿರಿ ಅಂತ ಲೆಕ್ಕ. ಎಚ್‌ಡಿಗೆ ಬೇರೆ /24 ಇಟ್ಟರೆ ಮುಂದೆ ಫಿಲ್ಟರ್ ಬರೆಯುವುದೂ ಸುಲಭ.

ಕಾಳಿತೀರ_ಕಾರವಾರ

ನಾಲ್ಕು ನಿಮಿಷದ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ.

ಗಡಿಯಾರ ಹಿಡಿದು ನೋಡಿ, ಸುಮಾರು 260 ಸೆಕೆಂಡಿಗೆ ನಿಲ್ಲುತ್ತದೆ. ಎಫ್‌ಆರ್‌ಆರ್ 125 ಸೆಕೆಂಡಿಗೊಮ್ಮೆ ಐಜಿಎಂಪಿ ಕ್ವೆರಿ ಕಳಿಸುತ್ತದೆ, "ಈ ಚಾನೆಲ್ ಯಾರಾದರೂ ನೋಡುತ್ತಿದ್ದೀರಾ" ಅಂತ. ಉತ್ತರಕ್ಕೆ 10 ಸೆಕೆಂಡ್ ಬಿಡುವು. ಎರಡು ಸುತ್ತು ಉತ್ತರ ಬಾರದಿದ್ದರೆ ಗ್ರೂಪ್ ಅಳಿಸುತ್ತದೆ: 2 × 125 + 10. ನಿಮ್ಮ ಸೆಟ್‌ಟಾಪ್ ಚಾನೆಲ್ ಬದಲಿಸಿದಾಗ ತಾನಾಗಿ ಜಾಯಿನ್ ಕಳಿಸುತ್ತದೆ, ಆಮೇಲೆ ಕ್ವೆರಿ ಅದಕ್ಕೆ ಮುಟ್ಟುತ್ತಲೇ ಇಲ್ಲ, ಹಾಗಾಗಿ ಉತ್ತರವೂ ಇಲ್ಲ. ಸುದ್ದಿ ಚಾನೆಲ್ ಯಾಕೆ ನಿಲ್ಲುವುದಿಲ್ಲ ಅಂದರೆ ಊರಲ್ಲಿ ಯಾರೋ ಒಬ್ಬರು ನಿಮಿಷಕ್ಕೊಮ್ಮೆ ಅದಕ್ಕೆ ಬರುತ್ತಲೇ ಇರುತ್ತಾರೆ, ಅವರ ಜಾಯಿನ್ ಎಲ್ಲರ ಚಾನೆಲ್ಲನ್ನೂ ಜೀವಂತ ಇಡುತ್ತದೆ. ಲಾಡ್ಜ್‌ನಲ್ಲಿ ನಿಲ್ಲುವುದಿಲ್ಲ ಅಂದಿರಿ. ಅಂದರೆ ಸ್ವಿಚ್‌ವರೆಗೆ ಕ್ವೆರಿ ಸರಿ ಬರುತ್ತಿದೆ, ನುಂಗುತ್ತಿರುವುದು ಓಎಲ್‌ಟಿ.

ಓಎನ್‌ಯು ಹಿಂದೆ ಒಂದು ಲ್ಯಾಪ್‌ಟಾಪ್ ಇಟ್ಟು ಟಿಸಿಪಿಡಂಪ್‌ನಲ್ಲಿ ಐಜಿಎಂಪಿ ಮಾತ್ರ ಹಿಡಿಯಿರಿ. ಐದು ನಿಮಿಷದಲ್ಲಿ 224.0.0.1ಕ್ಕೆ ಎರಡು ಕ್ವೆರಿಯಾದರೂ ಕಾಣಬೇಕು. ಕಾಣದಿದ್ದರೆ ಓಎಲ್‌ಟಿಯ ಮಲ್ಟಿಕಾಸ್ಟ್ ಪ್ರೊಫೈಲ್ ತೆಗೆಯಿರಿ. ಕೆಳಮುಖವಾಗಿ ಬಿಡುವ ಪಟ್ಟಿಯಲ್ಲಿ ಚಾನೆಲ್ ಗ್ರೂಪ್‌ಗಳು ಮಾತ್ರ ಇದ್ದು 224.0.0.1 ಇರುವುದಿಲ್ಲ. ಪಟ್ಟಿ ಸರಿಯಿದ್ದರೆ ವರ್ಷನ್ ನೋಡಿ. ರೂಟರ್ ವಿ3 ಕ್ವೆರಿ ಕಳಿಸುತ್ತದೆ, ಹಳೇ ಓಎಲ್‌ಟಿಗೆ ವಿ2 ಮಾತ್ರ ಗೊತ್ತಿದ್ದರೆ ಅರ್ಥವಾಗದ್ದನ್ನು ಎಸೆಯುತ್ತದೆ. ಆಗ ಕುಮಟಾ ರೂಟರ್‌ನ ಗಿರಾಕಿ ಇಂಟರ್‌ಫೇಸ್‌ನಲ್ಲಿ "ಐಪಿ ಐಜಿಎಂಪಿ ವರ್ಷನ್ 2". ಕ್ವೆರಿ ಅವಧಿ ಹಿಗ್ಗಿಸಿ ತೇಪೆ ಹಾಕಬೇಡಿ, ನಾಲ್ಕು ನಿಮಿಷ ಇದ್ದದ್ದು ಹತ್ತಾಗುತ್ತದೆ, ಅಷ್ಟೇ.

ಇನ್ನೊಂದು ಮಾತು. ಇಡೀ ಆರ್‌ಪಿ ರಗಳೆಯೇ ಬೇಡವಾದರೆ ಎಸ್‌ಎಸ್‌ಎಂ ಮಾಡಿ. ಯಾವ ಚಾನೆಲ್ ಯಾವ ಸ್ಟ್ರೀಮರ್‌ನಿಂದ ಬರುತ್ತದೆ ಅಂತ ನಿಮಗೆ ಮೊದಲೇ ಗೊತ್ತು. 232.0.0.0/8ರಲ್ಲಿ ಗ್ರೂಪ್ ಕೊಟ್ಟು ಸೆಟ್‌ಟಾಪ್ ನೇರ ಸೋರ್ಸ್ ಹೆಸರಿಸಿ ಕೇಳಿದರೆ ಆರ್‌ಪಿ, ಶೇರ್ಡ್ ಟ್ರೀ ಯಾವುದೂ ಬೇಡ. ಸಿಸ್ಕೊ ಕಡೆ "ಐಪಿ ಪಿಮ್ ಎಸ್‌ಎಸ್‌ಎಂ ಡಿಫಾಲ್ಟ್" ಒಂದೇ ಸಾಲು.

ಅಘನಾಶಿನಿ

@ಕಾಳಿತೀರ ಅಣ್ಣಾ, ಎಸ್‌ಎಸ್‌ಎಂಗೆ ಸೆಟ್‌ಟಾಪ್ ಐಜಿಎಂಪಿ ವಿ3 ಮಾತಾಡಬೇಕು, ಓಎಲ್‌ಟಿಯೂ ಅರ್ಥಮಾಡಿಕೊಳ್ಳಬೇಕು. ನೀವೇ ಮೇಲೆ ವಿ2ಗೆ ಇಳಿಸಿ ಅಂದಿರಿ. ಎರಡು ರೂಟರ್ ಇರುವ ಕಡೆ ಸ್ಟಾಟಿಕ್ ಆರ್‌ಪಿಯಿಂದ ಏನೂ ಕಷ್ಟವಿಲ್ಲ, ಅದೂ ಸೋರ್ಸ್ ಪಕ್ಕದಲ್ಲೇ ಕೂತಿರುವಾಗ. ಆರ್‌ಪಿಯನ್ನು ತಾನಾಗಿ ತಿಳಿಸುವ ಬಿಎಸ್‌ಆರ್, ಆಟೋ-ಆರ್‌ಪಿ ಎಲ್ಲ ಇಲ್ಲಿಗೆ ಹೊರೆ. ಗ್ರೂಪ್ ನಂಬರ್ ಬದಲಿಸಿದ ಮೇಲೆ ಎರಡೂ ಕಡೆ ಆರ್‌ಪಿಯ ಗ್ರೂಪ್ ಪಟ್ಟಿ 239.10.0.0/16 ಒಳಗೊಂಡಿರಲಿ, ಶಿರಸಿಯ ಲೂಪ್‌ಬ್ಯಾಕ್ ಮೇಲೂ ಪಿಮ್ ಇರಲಿ. ಹೊಸ ಸೆಟ್‌ಟಾಪ್ ತರಿಸುವಾಗ ಎಸ್‌ಎಸ್‌ಎಂ ಯೋಚಿಸಬಹುದು.

ಶಿರಸಿ_ಹೆಡ್‌ಎಂಡ್

ಎಲ್ಲರಿಗೂ ಧನ್ಯವಾದ. ಆದಷ್ಟು ಹೇಳುತ್ತೇನೆ.

ಓಎಲ್‌ಟಿ ಪಟ್ಟಿಯಲ್ಲಿ 224.0.0.1 ಇರಲಿಲ್ಲ, ಸೇರಿಸಿದ ಮೇಲೆ ನಿಲ್ಲುವುದು ನಿಂತಿದೆ. ಗ್ರೂಪ್‌ಗಳು 239.10.1.x, 239.10.2.x ಆದವು, ಲಾಡ್ಜ್ ಪೋರ್ಟ್‌ನಲ್ಲಿ ಈಗ ಅವರು ನೋಡುವಷ್ಟೇ ಬರುತ್ತಿದೆ. ಎನ್‌ಕೋಡರ್ ಜಿಸ್ಟ್ರೀಮರ್, ಟಿಟಿಎಲ್ 1 ಇತ್ತು.

ಟನಲ್ ಎದ್ದಿದೆ, ಓಎಸ್‌ಪಿಎಫ್ ಮತ್ತು ಪಿಮ್ ನೈಬರ್ ಎರಡೂ ಬಂದಿವೆ. ಗಿರಾಕಿಗಳ ಫೈಬರ್ ಕೀಳದೆ ಟನಲ್ ಪರೀಕ್ಷಿಸೋಣ ಅಂತ 10.10.10.99ರಿಂದ 232.10.1.1ಕ್ಕೆ ಒಂದು ಟೆಸ್ಟ್ ಸ್ಟ್ರೀಮ್ ಬಿಟ್ಟೆ, ಕುಮಟಾದಲ್ಲಿ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಂ ಆಗಿ ಕೇಳಿದೆ. ಈ ಸೋರ್ಸ್‌ನ ಬಾಗಿಲು ಟನಲ್ ಅಂತ ಹೇಳಲು ಎಫ್‌ಆರ್‌ಆರ್‌ನಲ್ಲಿ:

ಐಪಿ ಎಂರೂಟ್ 10.10.10.99/32 10.0.99.1

ಜಾಯಿನ್ ಟನಲ್ ಮೇಲೆ ಹೋಗಿದೆ, ಶಿರಸಿಯಿಂದ ಪ್ಯಾಕೆಟ್ ಹೊರಟಿದೆ. ಕುಮಟಾದ ಜಿಆರ್‌ಇ1 ಮೇಲೆ ಟಿಸಿಪಿಡಂಪ್ ಹಾಕಿದರೆ ಧಾರಾಳವಾಗಿ ಬರುತ್ತಿವೆ. ಆದರೆ "ಐಪಿ -ಎಸ್ ಎಂರೂಟ್" ಕೊಟ್ಟರೆ ಆ ಸಾಲಿನಲ್ಲಿ 0 ಪ್ಯಾಕೆಟ್, 0 ಬೈಟ್. ತಪ್ಪು ಇಂಟರ್‌ಫೇಸ್‌ನಲ್ಲಿ ಬಂದದ್ದು ಎಂಬ ಲೆಕ್ಕವೂ 0. ಬಂದ ಪ್ಯಾಕೆಟ್ ಎಲ್ಲಿ ಮಾಯ?

ಅಘನಾಶಿನಿ

ಆರ್‌ಪಿ_ಫಿಲ್ಟರ್, ಅಂದರೆ ಲಿನಕ್ಸ್ ಕರ್ನಲ್ ತಾನೇ ಮಾಡುವ ಸೋರ್ಸ್ ಚೆಕ್.

ನೀವು ಬರೆದ ಎಂರೂಟ್ ಸಾಲು ಎಫ್‌ಆರ್‌ಆರ್‌ನ ಪಿಮ್‌ಗೆ ಗೊತ್ತು, ಕರ್ನಲ್‌ನ ಯೂನಿಕಾಸ್ಟ್ ಟೇಬಲ್‌ಗೆ ಗೊತ್ತಿಲ್ಲ. ಕರ್ನಲ್ ದೃಷ್ಟಿಯಲ್ಲಿ 10.10.10.99 ಈಗಲೂ ಫೈಬರ್ ಕಡೆಯೇ ಇದೆ. ಟನಲ್‌ನಿಂದ ಬಂದ ಪ್ಯಾಕೆಟ್ಟನ್ನು ಸುಳ್ಳು ಸೋರ್ಸ್ ಅಂತ ಎಣಿಸಿ, ಮಲ್ಟಿಕಾಸ್ಟ್ ಟೇಬಲ್ ಮುಟ್ಟುವ ಮೊದಲೇ ಬಿಸಾಡುತ್ತದೆ. ಟಿಸಿಪಿಡಂಪ್ ಅದಕ್ಕೂ ಮುಂಚೆಯೇ ನೋಡುವುದರಿಂದ ಅಲ್ಲಿ ಕಾಣುತ್ತದೆ. ಎನ್‌ಸ್ಟ್ಯಾಟ್‌ನಲ್ಲಿ ಐಪಿ-ರಿವರ್ಸ್-ಪಾತ್-ಫಿಲ್ಟರ್ ಹೆಸರಿನ ಎಣಿಕೆ ಏರುತ್ತಿದ್ದರೆ ಇದೇ ಅಂತ ಖಾತ್ರಿ.

ಇಲ್ಲೊಂದು ಚಮತ್ಕಾರ ಇದೆ. "ಆಲ್" ಮತ್ತು ಆ ಇಂಟರ್‌ಫೇಸ್ ಎರಡರ ಬೆಲೆಯಲ್ಲಿ ದೊಡ್ಡದು ಜಾರಿಗೆ ಬರುತ್ತದೆ. ಆಲ್ 1 ಇದ್ದು ಜಿಆರ್‌ಇ1ಕ್ಕೆ 0 ಕೊಟ್ಟರೆ ಏನೂ ಆಗುವುದಿಲ್ಲ, 1 ಗೆಲ್ಲುತ್ತದೆ. ಜಿಆರ್‌ಇ1ಕ್ಕೆ 2 ಕೊಡಿ, ಅದು ಸಡಿಲ ಚೆಕ್: ಸೋರ್ಸ್‌ಗೆ ಯಾವುದೋ ಒಂದು ದಾರಿ ಇದ್ದರೆ ಸಾಕು.

ಪರೀಕ್ಷೆ ಮುಗಿದ ಮೇಲೆ ಆ ಎಂರೂಟ್ ಸಾಲು ಕಿತ್ತು ಹಾಕಿ. ಸ್ಟಾಟಿಕ್ ಸಾಲು ಉಳಿದರೆ ಫೈಬರ್ ಚೆನ್ನಾಗಿರುವಾಗಲೂ ಆ ಸೋರ್ಸ್ ಟನಲ್‌ನಲ್ಲೇ ಇಳಿಯುತ್ತದೆ. ದಿನನಿತ್ಯಕ್ಕೆ ಓಎಸ್‌ಪಿಎಫ್ ಹೇಳಿದ್ದೇ ಆರ್‌ಪಿಎಫ್ ಆಗಲಿ.

ಜಿಸ್ಟ್ರೀಮರ್‌ನ ಯುಡಿಪಿಸಿಂಕ್‌ನಲ್ಲಿ "ಟಿಟಿಎಲ್-ಎಂಸಿ" ತಾನಾಗಿ 1 ಇರುತ್ತದೆ, 16 ಮಾಡಿ. ಎಫ್‌ಎಫ್‌ಎಂಪೆಗ್‌ಗೆ ಬದಲಾಯಿಸಿದರೆ ಅದರ ಟಿಟಿಎಲ್ ಮೊದಲೇ 16, ಆದರೆ ಪ್ಯಾಕೆಟ್ ಗಾತ್ರ 1472 ಇರುತ್ತದೆ. ಅದಕ್ಕೆ ಯುಡಿಪಿ, ಐಪಿ ಹೆಡರ್ 28 ಸೇರಿ 1500, ಟನಲ್‌ನ 1476ರಲ್ಲಿ ಹಿಡಿಸುವುದಿಲ್ಲ. ತುಂಡಾಗುತ್ತದೆ ಇಲ್ಲ ಬೀಳುತ್ತದೆ. "ಪಿಕೆಟಿ_ಸೈಜ್" 1316 ಕೊಡಿ. 188 ಬೈಟಿನ ಏಳು ಟಿಎಸ್ (ವಿಡಿಯೋ ಸ್ಟ್ರೀಮ್) ಪ್ಯಾಕೆಟ್, ಹೆಡರ್ ಸೇರಿ 1344, ಜಿಆರ್‌ಇ ಸೇರಿ 1368. ಆರಾಮ.

ಯಾಣದ_ಬಂಡೆ

ಬ್ಯಾಂಡ್‌ವಿಡ್ತ್ ಲೆಕ್ಕ ಹಾಕಿದ್ದೀರಾ? 40 × 3 + 12 × 8 = 216 ಎಂಬಿಪಿಎಸ್. 1316 ಬೈಟಿಗೆ 1368 ಹೋಗುವುದರಿಂದ ಟನಲ್‌ನಲ್ಲಿ ಸುಮಾರು 224.5. ಲೈನ್ 200. ಸಂಜೆ ಎಲ್ಲ ಚಾನೆಲ್‌ಗೂ ನೋಡುವವರಿದ್ದರೆ ಹೆಚ್ಚಾದದ್ದು ಬೀಳುತ್ತದೆ, ಅದೂ ಒಂದೇ ಚಾನೆಲ್‌ನದ್ದಲ್ಲ, ಎಲ್ಲದರಿಂದ ಚೂರುಚೂರು. 52 ಚಾನೆಲ್ಲೂ ಹಾಳು.

ಶಿರಸಿಯ ಟನಲ್ 0 ಮೇಲೆ ಎಚ್‌ಡಿ ತಡೆಯಿರಿ:

ಆಕ್ಸೆಸ್-ಲಿಸ್ಟ್ 20 ಡಿನೈ 239.10.2.0 0.0.0.255
ಆಕ್ಸೆಸ್-ಲಿಸ್ಟ್ 20 ಪರ್ಮಿಟ್ 224.0.0.0 15.255.255.255
ಇಂಟರ್‌ಫೇಸ್ ಟನಲ್ 0
ಐಪಿ ಮಲ್ಟಿಕಾಸ್ಟ್ ಬೌಂಡರಿ 20

ಫೈಬರ್ ಇರುವಷ್ಟು ದಿನ ಇದರಿಂದ ಏನೂ ವ್ಯತ್ಯಾಸವಿಲ್ಲ. ಫೈಬರ್ ಹೋದಾಗ ಎಸ್‌ಡಿ ಮಾತ್ರ ಇಳಿಯುತ್ತದೆ, ಸುಮಾರು 125 ಎಂಬಿಪಿಎಸ್. ಉಳಿದ 75ರಲ್ಲಿ ಬಿಲ್ಲಿಂಗ್, ಇಂಟರ್ನೆಟ್. ಜಾತ್ರೆ ಚಾನೆಲ್ಲನ್ನು 239.10.3.x ಮಾಡಿ, ಎಚ್‌ಡಿಯಾದರೂ ತಡೆಗೆ ಸಿಗುವುದಿಲ್ಲ. ಜಾತ್ರೆ ದಿನ ಅದು ಕಪ್ಪಾದರೆ ಫೋನ್ ಎತ್ತಲು ಆಗಲಿಕ್ಕಿಲ್ಲ.

ಶಿರಸಿ_ಹೆಡ್‌ಎಂಡ್

ಜಿಆರ್‌ಇ1ಕ್ಕೆ 2 ಕೊಟ್ಟ ಕೂಡಲೇ ಚಿತ್ರ ಬಂತು. ಎಂರೂಟ್ ತೆಗೆದೆ, ಬೌಂಡರಿ ಹಾಕಿದೆ. ಬೆಳಗಿನ ಜಾವ ಫೈಬರ್ ಕಿತ್ತು ನೋಡಿದೆ: ಎಸ್‌ಡಿ ಎಲ್ಲ ಟನಲ್‌ಗೆ ಬಂದವು. ಆದರೆ ನಡುವೆ 40 ಸೆಕೆಂಡ್ ಕಪ್ಪು.

ಕಾಳಿತೀರ_ಕಾರವಾರ

ಅದು ಓಎಸ್‌ಪಿಎಫ್ ಡೆಡ್ ಟೈಮರ್. ಫೈಬರ್ ನಡುವೆ ಮೀಡಿಯಾ ಕನ್ವರ್ಟರ್ ಇದೆ ತಾನೇ? ಘಟ್ಟದಲ್ಲಿ ಫೈಬರ್ ತುಂಡಾದರೂ ರೂಟರ್‌ನ ತಾಮ್ರದ ಪೋರ್ಟ್ ಎದ್ದೇ ಇರುತ್ತದೆ, ನಾಲ್ಕು ಹಲೋ ತಪ್ಪುವವರೆಗೆ ರೂಟರ್‌ಗೆ ಸುದ್ದಿಯೇ ಇಲ್ಲ. ಕನ್ವರ್ಟರ್ ತೆಗೆದು ಎಸ್‌ಎಫ್‌ಪಿಯನ್ನು (ಫೈಬರ್ ಮಾಡ್ಯೂಲ್) ರೂಟರ್‌ಗೇ ಹಾಕಲು ಆದರೆ ಒಳ್ಳೆಯದು. ಆಗದಿದ್ದರೆ ಬಿಎಫ್‌ಡಿ, ಲಿಂಕ್ ಸತ್ತದ್ದನ್ನು ಬೇಗ ಹಿಡಿಯುವ ಪ್ರೋಟೋಕಾಲ್. ಸಿಸ್ಕೊ ಫೈಬರ್ ಇಂಟರ್‌ಫೇಸ್‌ನಲ್ಲಿ "ಬಿಎಫ್‌ಡಿ ಇಂಟರ್ವಲ್ 300 ಮಿನ್_ಆರ್‌ಎಕ್ಸ್ 300 ಮಲ್ಟಿಪ್ಲೈಯರ್ 3", ಜೊತೆಗೆ "ಐಪಿ ಓಎಸ್‌ಪಿಎಫ್ ಬಿಎಫ್‌ಡಿ". ಎಫ್‌ಆರ್‌ಆರ್‌ನ ಡೀಮನ್ಸ್ ಫೈಲಿನಲ್ಲಿ ಬಿಎಫ್‌ಡಿಡಿ "ಯೆಸ್" ಮಾಡಿ ರೀಸ್ಟಾರ್ಟ್, ಇಂಟರ್‌ಫೇಸ್‌ನಲ್ಲಿ ಅದೇ ಓಎಸ್‌ಪಿಎಫ್ ಸಾಲು; ಅದರ ಟೈಮರ್ ಮೊದಲೇ 300 × 3. ಒಂದು ಸೆಕೆಂಡಿನ ಒಳಗೆ ಗೊತ್ತಾಗುತ್ತದೆ. ಟನಲ್ ಮೇಲೆ ಮಾತ್ರ ಇಷ್ಟು ಬಿಗಿ ಬೇಡ, ಬೇರೆಯವರ ಲೈನು ಸ್ವಲ್ಪ ಕೆಮ್ಮಿದರೂ ನೈಬರ್ ಬೀಳುತ್ತದೆ.

ಎಫ್‌ಆರ್‌ಆರ್ ರೀಸ್ಟಾರ್ಟ್ ಮಾಡಿದಾಗ ಕುಮಟಾದ ಎಲ್ಲ ಟಿವಿ ಒಮ್ಮೆ ನಿಲ್ಲುತ್ತದೆ. ರಾತ್ರಿ ಧಾರಾವಾಹಿ ಮುಗಿದ ಮೇಲೆ ಮಾಡಿ.